ತಾಯಿಹಿಟ್ಟು

ಪೊತ್ಸುವೋಲಿಯಲ್ಲಿ ನೆಲಕ್ಕೂ ಹುದುಗು ಬರುತ್ತದೆ.
ಅಪ್ಪ ದೋಣಿ ಕಟ್ಟುತ್ತಿದ್ದ ಕಬ್ಬಿಣದ ಬಳೆ
ಈಗ ಅವನ ತಲೆಗಿಂತ ಮೇಲಿದೆ;
ಕಡಲು ಇಳಿದದ್ದಲ್ಲ, ಊರು ಏರಿದ್ದು.
ಕೆಸರಲ್ಲಿ ವಾಲಿದ ದೋಣಿಗೆ ಬೆನ್ನು ಕೊಟ್ಟು
ಬಲೆ ಹೆಣೆಯುತ್ತಾನೆ, ಕೇಳಿದವರಿಗೆ
"ಈ ತಿಂಗಳು ಎರಡು ಬೆರಳು" ಅನ್ನುತ್ತಾನೆ,
ಮೊಮ್ಮಗನ ಎತ್ತರ ಹೇಳುವ ಹಾಗೆ.

ಅವತ್ತು ಶುಕ್ರವಾರ. ಅಮ್ಮ ಸಂಜೆಯೇ ಕಲಸಲು ಕೂತಳು.
ಅಳತೆ ಲೋಟ ಇಲ್ಲ. ನೀರಿಗೆ ಮೊದಲು ಉಪ್ಪು,
ನಾಲಿಗೆಗೆ ಕಡಲು ನೆನಪಾಗುವಷ್ಟು,
ಆಮೇಲೆ ಜಾಡಿಯ ತಳದ ತಾಯಿಹಿಟ್ಟು, ನಿಂಬೆಗಾತ್ರ.
ಅವಳ ಅತ್ತೆ ಕೊಟ್ಟದ್ದು, ಅತ್ತೆಗೆ ಅವಳ ಅತ್ತೆ;
ಜಗಳವಿಲ್ಲದೆ ಕೈ ಬದಲಿದ
ಈ ಮನೆಯ ಒಂದೇ ಆಸ್ತಿ.
ಆಮೇಲೆ ಮೈದಾ, ಬೊಗಸೆ ಬೊಗಸೆ,
ನೀರು ಸಾಕೆನ್ನುವವರೆಗೆ.

ನಾದುವುದನ್ನು ನನಗೆ ಬಿಟ್ಟಳು.
ಅಂಗೈಯ ಬುಡದಿಂದ ತಳ್ಳು, ಮಡಚು, ತಿರುಗಿಸು.
"ಸಿಟ್ಟಿದ್ದರೆ ಈಗಲೇ ಹಾಕು, ಒಲೆಯ ಮುಂದೆ ತರಬೇಡ."
ಸಿಟ್ಟಿತ್ತು.
ಕಸೆರ್ತಾದಲ್ಲಿ ಮನೆ ನೋಡಿ ಬಂದಿದ್ದೆ,
ಅಲುಗದ ನೆಲದ ಮೇಲೆ ಮೂರು ಕೋಣೆ.
ಇವರಿಬ್ಬರೂ ಫೋಟೋ ಕೂಡ ನೋಡಲಿಲ್ಲ.
ಅರ್ಧ ಗಂಟೆ ಗುದ್ದಿದೆ.
ಅಮ್ಮ ಒಂದು ಕೈಯಲ್ಲಿ ಹಿಟ್ಟು ಚಿವುಟಿ,
ಇನ್ನೊಂದರಲ್ಲಿ ನನ್ನ ಕಿವಿಯ ಹಾಲೆ ಚಿವುಟಿ
"ಹದ" ಅಂದಳು.

ರಾತ್ರಿ ಒಂದೂಕಾಲಿಗೆ ಮೊದಲು ಸದ್ದು,
ಕೆಳಮನೆಯವರು ಕಪಾಟು ಎಳೆದ ಹಾಗೆ.
ಆಮೇಲೆ ಗಾಜು, ದೀಪ, ಗೋಡೆಯ ಮೇಲಿನ ಸಂತ.
ಮೆಟ್ಟಿಲ ತುಂಬ ಬರಿಗಾಲು:
ನುನ್ಸಿಯಾತಾ ದಿಂಬಿನ ಚೀಲದಲ್ಲಿ ಬೆಕ್ಕು ಹೊತ್ತು,
ವಕೀಲರು ಕಡತ ಅವಚಿಕೊಂಡು, ಪ್ಯಾಂಟಿಲ್ಲದೆ,
ಅಪ್ಪ ಮಾತ್ರೆ ಡಬ್ಬಿ, ನಾನು ಕಾರಿನ ಕೀಲಿ.
ಅಮ್ಮ ಎರಡೂ ಕೈಯಲ್ಲಿ ಪರಾತ,
ಅದಕ್ಕೆ ತನ್ನ ಶಾಲು.
ಓಲೆ, ಸರ, ಬ್ಯಾಂಕಿನ ಪುಸ್ತಕ ಮೇಲೆಯೇ ಉಳಿದವು.

ಕಡಲ ದಂಡೆಗೆ ಸಾಲು ಕಾರು, ಮಂಜು ಹಿಡಿದ ಗಾಜು.
ಹಿಂದಿನ ಸೀಟಿನಲ್ಲಿ, ಅವಳ ಮಡಿಲಲ್ಲಿ ಅದು.
ನೆಲ ಮತ್ತೆರಡು ಸಲ ನಡುಗಿತು;
ಎರಡು ಸಲವೂ ಶಾಲಿನಡಿ ಬೆರಳಿಟ್ಟು ನೋಡಿದಳು.
"ಕುಸಿಯಿತಾ?"
"ನೀನು ಗೊರಕೆ ಹೊಡೆದರೆ ಕುಸಿಯುತ್ತೆ, ಪ್ರೊಕೊಲೊ."
ಕತ್ತಲಲ್ಲಿ ಹುಳಿವಾಸನೆ,
ಗಂಧಕದ್ದೋ ಹಿಟ್ಟಿನದ್ದೋ.

ಬೆಳಗ್ಗೆ ಬಾಗಿಲಿಗೆ ಕೆಂಪು ಪಟ್ಟಿ. ಒಳಗೆ ಹೋಗುವಂತಿಲ್ಲ.
ಅಮ್ಮ ಕೇಳಿದ್ದು ಒಂದೇ:
"ಟೊಮ್ಯಾಟೊ ಬಾಟಲಿ ಒಂದಾದರೂ?"
ಹೆಲ್ಮೆಟ್ಟಿನ ಹುಡುಗ ಅತ್ತಿತ್ತ ನೋಡಿ ಒಳಗೆ ನುಗ್ಗಿದ;
ಆಗಸ್ಟಿನಲ್ಲಿ ತುಂಬಿಟ್ಟ ನಲವತ್ತರಲ್ಲಿ
ಒಡೆಯದೆ ಉಳಿದ ಎರಡನ್ನು
ಕಂಕುಳಲ್ಲಿ ಕೂಸುಗಳ ಹಾಗೆ ತಂದ.

ಅಪ್ಪ ಪೀಪಾಯಿಯನ್ನು ಅಡ್ಡ ಮಲಗಿಸಿ,
ಬೀದಿಯಿಂದ ಎದ್ದು ಬಂದ ಕರಿಗಲ್ಲನ್ನು ಒಳಗೆ ಹಾಸಿ,
ಕೆಳಗೆ ಮುರಿದ ಹುಟ್ಟುಗಳನ್ನು ಉರಿಸಿದ.
ಅಮ್ಮ ದೋಣಿಯ ಹಲಗೆಗೆ ಮೈದಾ ಉದುರಿಸಿ
ಮೊದಲು ಒಂದು ನಿಂಬೆಗಾತ್ರ ಎತ್ತಿಟ್ಟಳು.
ಲಟ್ಟಣಿಗೆ ಬೇಡ. ಬೆರಳ ತುದಿಯಿಂದ,
ನಡುವಿನಿಂದ ಅಂಚಿಗೆ ಗಾಳಿಯನ್ನು ಅಟ್ಟುತ್ತಾ ಹೋಗಬೇಕು.
ಎಣ್ಣೆ ಯಾರದೋ ಡಿಕ್ಕಿಯಿಂದ,
ಬೆಳ್ಳುಳ್ಳಿ, ಒರೆಗಾನೊ ಇನ್ಯಾರದೋ.
ಚೀಸ್ ಎಲ್ಲಿಂದ? "ಮರಿನಾರಾ," ಅಂದ ಅಪ್ಪ,
"ನಮ್ಮ ಜಾತಿಯದು, ಉಪ್ಪುನೀರಿನವರದು."

ಮೊದಲನೆಯದು ಕರಕಲು. ಬೆಕ್ಕೂ ಮೂಸಲಿಲ್ಲ.
ಎರಡನೆಯದಕ್ಕೆ ಅಂಚು ಎದ್ದಿತು, ಚಿರತೆಯ ಚುಕ್ಕೆ ಬಿತ್ತು.
ಕತ್ತರಿಯಲ್ಲಿ ಹದಿನಾಲ್ಕು ತುಂಡು. ಹದಿನೇಳು ಜನ.
ವಕೀಲರು, ಈಗ ಯಾರದೋ ಪ್ಯಾಂಟಿನಲ್ಲಿ,
ನಾಲಿಗೆ ಸುಟ್ಟುಕೊಂಡು ಇನ್ನೊಂದು ಚೂರು ಕೇಳಿದರು.

ಕಸೆರ್ತಾದ ಕಾಗದ ನನ್ನ ಜೇಬಿನಲ್ಲೇ ಇತ್ತು.
ತೆಗೆಯಲಿಲ್ಲ, ಹರಿಯಲೂ ಇಲ್ಲ.
ಅಮ್ಮ ಖಾಲಿ ಬಾಟಲಿ ನನ್ನತ್ತ ಚಾಚಿದಳು:
"ಬಾಯಿ ಸಣ್ಣದು. ನಿನ್ನ ಬೆರಳು ತೆಳ್ಳಗಿದೆ, ನೀನೇ ತುರುಕು.
ಮುಚ್ಚಳ ಬಿಗಿಯಬೇಡ, ಒಡೆಯುತ್ತೆ,
ಎಲ್ಲಿಗೆ ಒಯ್ದರೂ."