ಚಿಕೋರಿ ಬೇಡ

ನವೆಂಬರಿನ ಮೂರನೇ ವಾರ
ಮಂಡಿ ಮೊಹಲ್ಲಾದ ನನ್ನ ಗಿರಣಿಯ ಮುಂದೆ
ಚೌರಮ್ಮ ಬಂದು ನಿಲ್ಲುತ್ತಾರೆ.
ಕೈಯಲ್ಲಿ ತಗಡಿನ ಡಬ್ಬಿ, ಮುಚ್ಚಳದ ಮೇಲೆ
ಯಾವುದೋ ಕಾಲದ ಬಿಸ್ಕತ್ತಿನ ಹುಡುಗಿ, ಮೂಗು ಸವೆದವಳು.
“ಕಾಲು ಕಿಲೋ ಯಾವಾಗಿನ ಹಾಗೆ.
ಇನ್ನೂರು ಗ್ರಾಂ ಬೇರೆ ಕಟ್ಟಪ್ಪ,
ಅದಕ್ಕೆ ಚಿಕೋರಿ ಬೇಡ.”

ಹನ್ನೊಂದು ವರ್ಷ ಕಟ್ಟಿಕೊಟ್ಟಿದ್ದೇನೆ.
ಯಾಕೆಂದು ಕೇಳಿದವನಲ್ಲ.
ಗಿರಾಕಿಯ ಅಡುಗೆಮನೆಗೆ
ಕಾಫಿಪುಡಿಯವನು ಮೂಗು ತೂರಿಸಬಾರದು;
ಪಾಪ, ಅದಕ್ಕೆ ಅಂಗಡಿಯಲ್ಲೇ ಬೇಕಾದಷ್ಟು ದುಡಿಮೆ.

ಈ ಸಲ ಹಬ್ಬದ ಮಧ್ಯಾಹ್ನ ಕರೆದರು, ಹೋದೆ.
ಚರ್ಚಿನ ಹಿಂದಿನ ಓಣಿ, ನೀಲಿ ಬಾಗಿಲು,
ಗೋದಲಿಯ ಸುತ್ತ
ಬಟ್ಟಲಲ್ಲಿ ಮೊಳೆಯಿಸಿದ ರಾಗಿಪೈರು,
ಹಸಿರಿನ ನಡುವೆ ಐದು ಕುರಿ.
ಎಲ್ಲಕ್ಕಿಂತ ಮುಂದೆ, ಕೂಸಿನ ಕಾಲ ಬಳಿ,
ಒಂದು ಕಿವಿ ಮುರಿದದ್ದು.
“ಹಳೇದು, ಯಾಕೆ ಬದಲಾಯಿಸಿಲ್ಲ?” ಅಂದೆ.
ಯಾರೂ ಉತ್ತರ ಕೊಡಲಿಲ್ಲ.
ಬಡಿಸುವ ಗಡಿಬಿಡಿ ಅಂದುಕೊಂಡೆ.

ಬಂತು ಕೇಕು: ಕಪ್ಪಗೆ, ತೂಕವಾಗಿ,
ಒಲೆಯ ಮೇಲೆ ಸುಟ್ಟ ಸಕ್ಕರೆಯ ಬಣ್ಣ.
ಬಂತು ವೈನು: ಔಷಧಿ ಅಳೆಯುವ ಪುಟ್ಟ ಗಾಜಿನಲ್ಲಿ.
ಅತ್ತೆಯ ಕಾಲದ ಪಿಂಗಾಣಿ ಜಾಡಿ,
ದೇವರಾಜ ಮಾರ್ಕೆಟ್ಟಿನ ಕರಿದ್ರಾಕ್ಷಿ,
ಒಂದು ಹಿಡಿ ಗೋಧಿ, ಚಕ್ಕೆ, ಲವಂಗ;
ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಇಪ್ಪತ್ತೊಂದು ದಿನ.

ಮೊದಲ ಗುಟುಕಿಗೆ ಜಗಳ.
ಸಿಹಿಯೆದುರು ಸಿಹಿ, ಒಂದೇ ಚಪ್ಪರದ
ಇಬ್ಬರು ಬೀಗಿತ್ತಿಯರ ಹಾಗೆ:
ಇಬ್ಬರದೂ ಮಾತು, ಕೇಳುವವರಿಲ್ಲ.
ಮೂರನೆಯದಕ್ಕೆ ಲವಂಗ ಎದ್ದು ಬಂದು
ಕೇಕಿನೊಳಗಿನ ಕಿತ್ತಳೆ ಸಿಪ್ಪೆಯನ್ನು
ಹೆಸರು ಹಿಡಿದು ಕರೆಯಿತು.
ಆಮೇಲೆ ನಾಲಿಗೆಯ ತುಂಬ ನೆಂಟಸ್ತಿಕೆ.

ರಾಯಪ್ಪನ ಮುಂದೆ ಗಾಜಿರಲಿಲ್ಲ.
ರೈಲ್ವೆ ವರ್ಕ್‌ಶಾಪಿನ ಫಿಟ್ಟರು, ದಪ್ಪ ಬೆರಳು,
ಜಾಡಿಯಿಂದ ಬಗ್ಗಿಸಿದವನು ಅವನೇ,
ಗೆರೆಗೆ ಸರಿಯಾಗಿ, ಹನಿ ಆಚೆ ಹೋಗದ ಹಾಗೆ.
ದಿನಾ ಸಂಜೆ ಮರದ ಸೌಟು ಆಡಿಸಿದವನೂ ಅವನೇ.
“ಆಡಿಸ್ತೀನಿ, ತೊಳೀತೀನಿ, ಮೊಳೆಗೆ ತೂಗುಹಾಕ್ತೀನಿ”
ಅಷ್ಟಕ್ಕೇ ನಿಲ್ಲಿಸಿದ.
ಅವನ ಮುಂದೆ ಹಿತ್ತಾಳೆ ದವರೆಯಲ್ಲಿ ಕಾಫಿ,
ನೊರೆ ಇನ್ನೂ ಉಸಿರಾಡುತ್ತಿತ್ತು.

ನನಗೂ ಒಂದು ಲೋಟ ಕೊಟ್ಟರು.
ಕಹಿಯ ಮರ್ಯಾದೆಯೇ ಬೇರೆ:
ಚಪ್ಪಲಿ ಬಿಟ್ಟು ಹೊಸ್ತಿಲಾಚೆ ನಿಲ್ಲುತ್ತದೆ,
ಸುಟ್ಟ ಸಕ್ಕರೆಗೆ “ನೀನು ಹೇಳು” ಅನ್ನುತ್ತದೆ.
ಆ ಸದ್ದಿಲ್ಲದ ಹೊತ್ತಲ್ಲೇ
ಒಂದು ಒಣದ್ರಾಕ್ಷಿ ಹಲ್ಲಿಗೆ ಸಿಕ್ಕಿತು.

ರಮ್ ಇಲ್ಲ.
ಊರೆಲ್ಲ ರಮ್ಮಿನಲ್ಲಿ ನೆನೆಹಾಕುವ ದ್ರಾಕ್ಷಿಯಲ್ಲಿ
ಹನಿ ರಮ್ ಇಲ್ಲ. ಇದು,
ಇದು ನನಗೆ ಗೊತ್ತಿರುವ ರುಚಿ:
ಪೀಬೆರಿ, ಕಡುಹುರಿ, ನನ್ನದೇ ಗಿರಣಿ,
ತಿಂಗಳುಗಟ್ಟಲೆ ದಿನಕ್ಕೊಮ್ಮೆ ಹೊಸ ಡಿಕಾಕ್ಷನ್ನು ಹೊಯ್ದು
ಹಣ್ಣಿನ ಎದೆಯ ತನಕ ಇಳಿಸಿದ್ದು.

ತಲೆ ಎತ್ತಿದೆ. ಚೌರಮ್ಮ
ಚಾಕು ಒರೆಸುತ್ತಿದ್ದರು, ಅಗತ್ಯಕ್ಕಿಂತ ಹೆಚ್ಚು ಹೊತ್ತು.
ರಾಯಪ್ಪ ಎರಡನೇ ಹೋಳು ತಿನ್ನುತ್ತಿದ್ದ,
ಹುಡುಗನ ಹಾಗೆ, ತುಣುಕನ್ನು ಬೆರಳಲ್ಲಿ ಒತ್ತಿ ಒತ್ತಿ.
ಗೋದಲಿಯ ಕಡೆ ನೋಡಿದೆ. ಕುರಿ.
ಹನ್ನೊಂದು ವರ್ಷದ ಹಿಂದೆ ಆ ರಾತ್ರಿ
ಪೂಜೆಗೆ ಹೊರಟ ಹೊತ್ತಿಗೆ ಯಾರೋ
ಅದರ ಮೇಲೆ ಬಿದ್ದಿರಬೇಕು.

“ಮೂಗಿನವನು ನೀನು, ಹೇಳು” ಅಂದ ರಾಯಪ್ಪ,
“ಕೇಕಿಗೆ ವೈನೋ, ಕಾಫಿಯೋ?”
ಅವನ ಅಂಗೈಯಲ್ಲಿನ್ನೂ
ದ್ರಾಕ್ಷಿ ಹಿಸುಕಿದ ನೇರಳೆ ಬಣ್ಣ.
“ಇನ್ನೊಂದು ಹೋಳು ಕೊಡಿ,
ತೀರ್ಮಾನ ಆಗ್ತಿಲ್ಲ” ಅಂದೆ.
ಇಬ್ಬರೂ ನಕ್ಕರು.

ಮುಂದಿನ ನವೆಂಬರಿಗೆ
ಹುರಿ ಒಂದು ಚೂರು ಇಳಿಸಬೇಕು,
ಕಿತ್ತಳೆ ಸಿಪ್ಪೆಗೂ ಜಾಗ ಬೇಕಲ್ಲ.
ದುಡ್ಡು ಮಾತ್ರ ಪೂರ್ತಿ ತೆಗೆದುಕೊಳ್ಳಬೇಕು.
ಒಂದು ರೂಪಾಯಿ ಬಿಟ್ಟರೂ
ಚೌರಮ್ಮನಿಗೆ ಗೊತ್ತಾಗಿಬಿಡುತ್ತದೆ.