ಯಾರ ಬಲಕ್ಕೆ

ಮಂಡಕ್ಕಿ ಯಂತ್ರದ ಕೈಪಿಡಿ ಬರೆದವನು ನಾನು.
ದಾವಣಗೆರೆ, ಹಳೇ ಪಿ.ಬಿ. ರೋಡಿನ ಹಿಂದೆ, ತಗಡಿನ ಶೆಡ್ಡಿನಲ್ಲಿ,
ಲೇತಿನ ಕಿರುಚಾಟಕ್ಕೆ ಕಿವಿಗೆ ಹತ್ತಿ ತುರುಕಿಕೊಂಡು
ಇಪ್ಪತ್ತೊಂಬತ್ತು ವರ್ಷ
ಕ್ರಿಯಾಪದಗಳನ್ನು ಬಿಗಿ ಮಾಡಿದೆ:
ತಿರುಗಿಸಿ. ನಿಲ್ಲಿಸಿ. ಆರಲು ಬಿಡಿ.
'ಬಹುದು' ಎಂದು ಒಮ್ಮೆಯೂ ಬರೆಯಲಿಲ್ಲ.
ಬೆಂಕಿಯ ಪಕ್ಕ ನಿಂತವರಿಗೆ
'ಬಹುದು' ಹೇಳಬಾರದು.

ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ
ಒತ್ತಕ್ಷರ ಸಾಲದಿದ್ದರೆ ವಾಕ್ಯವನ್ನೇ ಬದಲಿಸುತ್ತಿದ್ದೆ.
'ಎಚ್ಚರಿಕೆ'ಗೆ ಬೇಕಾದ ಚ-ಒತ್ತು ತೀರಿಹೋಗಿ
'ಜೋಕೆ' ಎಂದು ಹಾಕಿಸಿದ ದಿನ
ಪ್ರೆಸ್ಸಿನ ಶಾಂತವೀರಪ್ಪ ನಕ್ಕ:
ಇದೇ ಇರಲಿ ಬಿಡ್ರಿ, ಅಜ್ಜಿ ಹೇಳಿದಂಗೈತಿ.
ಇತ್ತು, ಮೂರು ಮುದ್ರಣದ ತನಕ.

ಈಗ ನಾಜ್ನೀನ್ ಬಂದಿದ್ದಾಳೆ. ಡಿಪ್ಲೊಮಾ. ಇಪ್ಪತ್ತಮೂರು.
ಫೋನಿಗೆ ನಾಲ್ಕು ಫೋಟೊ ತೋರಿಸುತ್ತಾಳೆ;
ಚಹಾದ ಲೋಟ ನನ್ನ ಕೈಗೆ ಬರುವಷ್ಟರಲ್ಲಿ
ಕೈಪಿಡಿ ಸಿದ್ಧ, ಆರು ಭಾಷೆಯಲ್ಲಿ.
ತಪ್ಪು ಹುಡುಕಲು ಕೂತೆ, ಕನ್ನಡಕ ಒರೆಸಿ ಒರೆಸಿ.
ಕಾಗುಣಿತ ಸರಿ. ವಿಭಕ್ತಿ ಸರಿ.
'ಸಡಿಲವಾದ ಉಡುಪುಗಳನ್ನು ಧರಿಸುವುದನ್ನು
ದಯವಿಟ್ಟು ತಪ್ಪಿಸಿ.'

ಸಿಕ್ಕಿತು, ಅಂದೆ.
ನನ್ನ ಏಳನೇ ಸೂಚನೆ ನೋಡು:
'ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಮೇಲೆ ಸ್ವಿಚ್ಚು.'
ಖೈರುನ್ಬಿಯ ಸೆರಗನ್ನು ಬೆಲ್ಟು ಎಳೆದುಕೊಂಡ ವಾರ ಬರೆದದ್ದು.
ಅವಳ ಎರಡು ಬೆರಳು ಆ ವಾಕ್ಯದಲ್ಲಿವೆ.

'ಅವ್ರು ಅದನ್ನ ಓದಿದ್ರಾ ಸಾರ್?'

ಕರೆಂಟು ಹೋಗಿ ಲೇತು ನಿಂತಿತ್ತು.
ಕೇಳಿಸಲಿಲ್ಲ ಅನ್ನುವಂತಿರಲಿಲ್ಲ.
ಖೈರುನ್ಬಿಗೆ ಓದು ಬರುವುದಿಲ್ಲ.
ಆ ಭಟ್ಟಿ ಸಾಲಿನಲ್ಲಿ ಬಹಳ ಮಂದಿಗೆ ಬರುತ್ತಿರಲಿಲ್ಲ.
ನನಗದು ಗೊತ್ತಿತ್ತು.
ಗೊತ್ತಿದ್ದೂ ಅಲ್ಪವಿರಾಮ ತಿದ್ದುತ್ತಿದ್ದೆ.
ಮಾಲೀಕರ ಗಲ್ಲಾಪೆಟ್ಟಿಗೆಯ ತಳದಲ್ಲಿ
ಹಳೇ ಕರೆಂಟು ಬಿಲ್ಲುಗಳ ಕೆಳಗೆ
ನನ್ನ ಕೈಪಿಡಿ
ತುಂಬಾ ಒಳ್ಳೆಯ ವ್ಯಾಕರಣದಲ್ಲಿ ಮಲಗಿತ್ತು.

ಮರುದಿನ ಅವಳು ಭಟ್ಟಿಗೆ ಹೋಗಿ ಬಂದಳು,
ದುಪಟ್ಟಾದ ತುಂಬ ಹೊಟ್ಟಿನ ಮಸಿ.
ಯಂತ್ರದ ಮೈಗೆ ಕಪ್ಪು ಚುಕ್ಕಿಗಳ ಒಂದು ಚೌಕ ಅಂಟಿಸಿದಳು.
ಫೋನು ಹಿಡಿದರೆ ಖೈರುನ್ಬಿಯೇ ಮಾತಾಡುತ್ತಾಳೆ:
'ಏ ತಂಗಿ, ಮೊದ್ಲು ಸೆರಗು ಸಿಗಿಸ್ಕೋ. ನನ್ ಕೈ ನೋಡು.'
ನನ್ನದೇ ವಾಕ್ಯ.
ಅಲ್ಲ, ಮೊದಲಿಂದ ಅವಳದ್ದೇ;
ನಾನು ನಡುವೆ ತಿದ್ದಿ ಇಟ್ಟುಕೊಂಡಿದ್ದೆ.

ಇನ್ನೇನು ಕೆಲಸ ನಿಮಗೆ, ಎಂದು ಮನೆಯಲ್ಲಿ ಕೇಳುತ್ತಾರೆ.
ನಿನ್ನೆ ಸಂಜೆ ಫೋನು ಬರೆಯಿತು:
'ಗಾಳಿಯ ಹಿಡಿಯನ್ನು ಬಲಕ್ಕೆ ತಿರುಗಿಸಿ.'
ಯಾರ ಬಲಕ್ಕೆ? ಅಂದೆ.
ಮರಳಿನ ಮುಂದೆ ನಿಂತವರದ್ದೋ,
ಎದುರಿಗೆ ಕೂತು ಹೊಟ್ಟು ತುಂಬುವವರದ್ದೋ?
ಫೋನು ಕ್ಷಮೆ ಕೇಳಿ ಎಡಕ್ಕೆ ಅಂದಿತು.
ಮತ್ತೆ ಕೇಳಿದರೆ ಮತ್ತೆ ಕ್ಷಮೆ, ಮತ್ತೆ ಬಲಕ್ಕೆ.
ನಾಜ್ನೀನ್ ನಗಲಿಲ್ಲ.
ಸ್ಕೂಟಿಯ ಕೀ ತೆಗೆದಳು.

ಹೋಗಿ ನಿಂತು ನೋಡಬೇಕು,
ಮೂರು ಬೆರಳಿನ ಆ ಕೈ
ಹಿಡಿಯನ್ನು ಯಾವ ಕಡೆಯಿಂದ ಹಿಡಿಯುತ್ತದೆ,
ಅಥವಾ ಹಿಡಿಯುವುದು ಈಗ ಆ ಕೈಯೇ ಹೌದೋ ಅಲ್ಲವೋ.
ಹೆಲ್ಮೆಟ್ಟು ಒಂದೇ ಇತ್ತು, ನನಗೆ ಕೊಟ್ಟಳು.
ಗಟ್ಟಿ ಹಿಡ್ಕಳ್ರಿ, ಅಂದಳು.
ಎರಡೇ ಪದ.