ಆವಿಯ ಜಾಡು

ಬನ್ನಿಮಂಟಪದ ಸಿಗ್ನಲ್ಲಿನಲ್ಲಿ ಹತ್ತಿಕೊಂಡಿತು,
ಸ್ಪೀಡಿನ ಮುಳ್ಳಿನ ಕೆಳಗೆ
ಅರಿಶಿನ ಬಣ್ಣದ ಪುಟ್ಟ ಇಂಜಿನ್ನು.
ಸದ್ದಿಲ್ಲ, ನಡುಕವಿಲ್ಲ, ಗಾಡಿ ಬೆಣ್ಣೆಯ ಹಾಗೆ ಓಡುತ್ತಿತ್ತು.
ಎರಡು ದಿನ ಅದರ ಮೇಲೆ
ಮಗಳ ಚಿಟ್ಟೆಯ ಸ್ಟಿಕ್ಕರು ಅಂಟಿಸಿಕೊಂಡು ಓಡಾಡಿದೆ.
ಮೂರನೆಯ ದಿನ ಹಿಂದಿನ ಸೀಟಿನಿಂದ ಪುಷ್ಪಲತಾ
ಸೆರಗು ಮೂಗಿಗೆ ಹಿಡಿದು ಕೇಳಿದಳು:
"ಪೆಟ್ರೋಲು ವಾಸನೆ ಕಣೆ. ನಿಂಗೆ ಬರ್ತಿಲ್ವಾ?"

ನನಗೆ ಬರುವುದಿಲ್ಲ.
ಎರಡನೆಯ ಅಲೆಯ ಜ್ವರ ಬಿಟ್ಟುಹೋಗುವಾಗ
ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು.
ಊದುಬತ್ತಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ
ಗಂಧ, ಲಾವಂಚ, ಹಾಲುಮಡ್ಡಿ ಬೆರೆಸಿ
ಹದ ಹೇಳುತ್ತಿದ್ದವಳು
ಈಗ ಪ್ಯಾಕಿಂಗಿನಲ್ಲಿ ಕೂತು ಡಜನ್ನು ಎಣಿಸುತ್ತೇನೆ.
ಗ್ಯಾರೇಜಿನಲ್ಲಿ ಇದನ್ನೆಲ್ಲ ಹೇಳಲಿಲ್ಲ.

ಅತೀಖ್ ಸ್ಟೇರಿಂಗಿನ ಕೆಳಗೆ ತಂತಿ ಚುಚ್ಚಿದ.
ಅಂಗೈಯಗಲದ ಪರದೆಯಲ್ಲಿ ಮೂಡಿದ್ದು
ಪಿ, ಸೊನ್ನೆ, ನಾಲ್ಕು, ಐದು, ಆರು.
"ಸಣ್ಣ ಲೀಕು. ದೊಡ್ಡದಾದ್ರೆ ಸುಲಭ ಇತ್ತು ಮೇಡಂ,"
ಎಂದು ಟೀ ತರಿಸಿದ.

ಟ್ಯಾಂಕಿನೊಳಗೆ ಪೆಟ್ರೋಲು ಸುಮ್ಮನಿರುವುದಿಲ್ಲವಂತೆ.
ಬಿಸಿಲಿಗೆ ಆವಿಯಾಗಿ ಏಳುತ್ತದೆ.
ಅದನ್ನು ಬೀದಿಗೆ ಬಿಡದೆ
ಇದ್ದಿಲಿನ ಡಬ್ಬಿಯಲ್ಲಿ ಕೂಡಿಟ್ಟು
ಹೊತ್ತು ನೋಡಿ ಇಂಜಿನ್ನಿಗೆ ಉಣಿಸಬೇಕು.
ಆಗಾಗ ಗಾಡಿ ತಾನೇ ಉಸಿರು ಬಿಗಿಹಿಡಿದು
ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಿಕೊಳ್ಳುತ್ತದೆ.
ಸೋರಿದರೆ ದೀಪ.

ಮೊದಲು ಮುಚ್ಚಳ.
ರಬ್ಬರು ಬಳೆಯನ್ನು ಬೆರಳಲ್ಲಿ ತಿರುಗಿಸುತ್ತಾ ಬಿರುಕು ಹುಡುಕಿದ.
ಬಳೆಗಾರ ಕೂಡ ಇಷ್ಟು ನಿಧಾನವಾಗಿ ನೋಡಲಾರ.
ಇರಲಿಲ್ಲ.
ಆಮೇಲೆ ವಾಲ್ವು ಬಿಚ್ಚಿ, ಬಾಯಿಟ್ಟು ಊದಿದ.
ಕೆನ್ನೆ ಉಬ್ಬಿತು, ಗಾಳಿ ಹೋಗಲಿಲ್ಲ.
"ಇದೂ ಸರಿಯಾಗೈತೆ. ಹೊಗೆನೇ ಬಿಡ್ಬೇಕು."

ಕೆಲಸದ ಹುಡುಗ ಗೋಡೆಯ ಪಟಗಳ ಕಡೆಗೆ ಓಡಿ
ಊದುಬತ್ತಿಯ ಕಟ್ಟು ತಂದ.
"ಲೇ ಸಿದ್ದೇಶ! ಟ್ಯಾಂಕಿಗೆ ಬೆಂಕಿ ತೋರಿಸ್ತೀಯೇನೋ?"
ಕಟ್ಟಿನ ಮೇಲೆ ನಮ್ಮದೇ ನವಿಲು.
ಆ ಕಂಪು ಕೂಡಿಸಲು ನನಗೆ ಒಂದು ಚಳಿಗಾಲ ಹಿಡಿದಿತ್ತು.
ನಾನು ಟೀ ಲೋಟದೊಳಗೆ ನೋಡುತ್ತಾ ಕೂತೆ.

ಎಣ್ಣೆ ಕಾಯಿಸುವ ಪೆಟ್ಟಿಗೆಯೊಂದಿತ್ತು ಅವನಲ್ಲಿ.
ಡಬ್ಬಿಯ ಉಸಿರುಗಂಡಿ ಮುಚ್ಚಿ
ಮಗುವಿಗೆ ಗುಟುಕು ಹಾಕುವಷ್ಟು ಮೆಲ್ಲಗೆ
ಬಿಳಿ ಹೊಗೆಯನ್ನು ಕೊಳವೆಗೆ ಬಿಟ್ಟ.
ಗಾಡಿ ಎತ್ತರದಲ್ಲಿ ನಿಂತಿತ್ತು.
ಅವನು ಟಾರ್ಚು ಹಿಡಿದು ಮುಂದೆಲ್ಲಾ ಹುಡುಕಿದ,
ಹುಡುಗ ಹಿಂದೆಲ್ಲಾ.
ಹತ್ತು ನಿಮಿಷ. ಏನೂ ಇಲ್ಲ.

ಹೊಗೆಯನ್ನು ನೋಡುವುದು ನನಗೆ ಗೊತ್ತು.
ಬತ್ತಿಯಿಂದ ಎದ್ದ ಎಳೆ ಒಂದು ಗೇಣು ನೆಟ್ಟಗೆ ಹೋಗಿ
ಎಲ್ಲಿ ತಡವರಿಸುತ್ತದೆ, ಹೇಗೆ ಮಗ್ಗುಲು ಬದಲಿಸುತ್ತದೆ,
ಅದೊಂದನ್ನು ಜ್ವರ ಒಯ್ದಿರಲಿಲ್ಲ.
"ಫ್ಯಾನು ಆರಿಸಿ," ಅಂದೆ.
ಗಾಳಿ ನಿಂತಿತು.
ಟ್ಯಾಂಕಿನ ಮಗ್ಗುಲಲ್ಲಿ, ಕೊಳವೆ ಬಾಗುವ ಕಡೆ,
ಒಂದೇ ಒಂದು ಎಳೆ.
"ಅಲ್ಲಿ."

ಇಲಿಯ ಹಲ್ಲು. ಸೂಜಿಯ ಕಣ್ಣಿನಷ್ಟು ತೂತು.
ನಮ್ಮ ಗೋದಾಮಿನದೇ ಇರಬೇಕು,
ಬೆಲ್ಲದ ಮೂಟೆಯ ಪಕ್ಕವೇ ನಿಲ್ಲಿಸುತ್ತೇನೆ.
ಅತೀಖ್ ನಕ್ಕ: "ಮೇಡಂ ಮೂಗು ಭಾರಿ ಚುರುಕು!"
ಹೂಂ ಅಂದೆ. ಇನ್ನೇನು ಅನ್ನಲಿ.

ಕೊಳವೆ, ಎರಡು ಕ್ಲಿಪ್ಪು, ಕೂಲಿ: ಆರುನೂರ ನಲವತ್ತು.
ದೀಪವನ್ನು ಮಾತ್ರ ಅವನು ಆರಿಸಲಿಲ್ಲ.
"ಗಾಡಿಗೇ ನಂಬಿಕೆ ಬರ್ಲಿ. ಟ್ಯಾಂಕು ಅರ್ಧ ಇರ್ಲಿ,
ಬೆಳಿಗ್ಗೆ ತಣ್ಣಗಿರುವಾಗ ಓಡ್ಸಿ, ನಾಕೈದು ದಿನ."

ಐದನೆಯ ಬೆಳಿಗ್ಗೆ, ನಜರ್‌ಬಾದಿನ ಇಳಿಜಾರಿನಲ್ಲಿ,
ಕೀಲಿ ತಿರುಗಿಸಿದರೆ ಅದಿಲ್ಲ.
ಹಿಂದಿನಿಂದ ಪುಷ್ಪಲತಾ, "ವಾಸನೆ ಹೋಯ್ತು ಬಿಡು."
ನನ್ನ ಬದಲಿಗೆ ಮೂಸುತ್ತಿದ್ದುದು
ತನ್ನ ಕೆಲಸ ಮುಗಿಸಿ ಎದ್ದುಹೋಗಿತ್ತು.

ಗಾಜಿನ ಮೇಲೆ ಚಿಟ್ಟೆಯ ಅಂಟು ಇನ್ನೂ ಇತ್ತು.
ಉಗುರಿನಿಂದ ಕೆರೆದು
ಮೂಗಿನ ಹತ್ತಿರ ಹಿಡಿದೆ,
ಹಳೆಯ ಅಭ್ಯಾಸ.